ಎರಡು ಟ್ರೌಟ್, ಎರಡು ಸ್ವಭಾವ

ಕೊಡಗಿನಲ್ಲಿ ಗಾಳ ಹಿಡಿದು ಬೆಳೆದವರಿಗೆ ದೊಡ್ಡ ಮೀನು ಅಂದರೆ ಮಹಶೀರ್. ವಾಲ್ನೂರಿನ ಕಡೆ ಕಾವೇರಿಯಲ್ಲಿ ಪರವಾನಗಿ ಪಡೆದು ಕೂರುವುದು, ರಾಗಿ ಉಂಡೆ ಹಾಕಿ ಕಾಯುವುದು, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದು ನನಗೆ ಹಳೆಯ ಅಭ್ಯಾಸ. ತಣ್ಣನೆಯ ಹೊಳೆಯ ಮೀನಾದ ಟ್ರೌಟ್ ಬೇಕಾದರೆ ಊರು ಬಿಡಬೇಕು. ನಾನು ಹೋಗುವುದು ಹಿಮಾಚಲದ ತೀರ್ಥನ್ ಕಣಿವೆಗೆ. ಅಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಟ್ರೌಟ್ ಹಿಡಿಯುವಂತಿಲ್ಲ. ನಮ್ಮಲ್ಲಿ ಕಾಫಿ ಕೊಯ್ಲು ಮುಗಿದು, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದ ಮೇಲೆ ಹೊರಟರೆ ಹೊಳೆ ಚೆನ್ನಾಗಿರುತ್ತದೆ. ತಡವಾದರೆ ಹಿಮ ಕರಗಿ ನೀರು ಕದಡುತ್ತದೆ.

ಅಲ್ಲಿ ಸಿಗುವುದು ಬ್ರೌನ್ ಮತ್ತು ರೇನ್‌ಬೋ. ಬ್ರೌನ್ ಯುರೋಪಿನ ಮೀನು, ರೇನ್‌ಬೋ ಉತ್ತರ ಅಮೆರಿಕದ ಪಶ್ಚಿಮ ಭಾಗದ್ದು. ಎರಡೂ ಭಾರತಕ್ಕೆ ಹೊರಗಿನಿಂದ ಬಂದವೇ. ಕೈಗೆ ಬಂದಾಗ ಗುರುತು ಹಿಡಿಯುವುದು ಸುಲಭ. ಬ್ರೌನ್ ಮೈಮೇಲೆ ಕಪ್ಪು, ಕೆಂಪು ಚುಕ್ಕೆ, ಹಲವು ಚುಕ್ಕೆಗಳ ಸುತ್ತ ತೆಳು ಬಣ್ಣದ ಉಂಗುರ. ರೇನ್‌ಬೋಗೆ ಪಕ್ಕದಲ್ಲಿ ಗುಲಾಬಿ ಪಟ್ಟೆ, ಬಾಲದ ತುಂಬ ಸಣ್ಣ ಕಪ್ಪು ಚುಕ್ಕೆ. ಬ್ರೂಕ್ ಅಂತ ಇನ್ನೊಂದಿದೆ, ಕಡು ಬಣ್ಣದ ಮೈಮೇಲೆ ತಿಳಿ ಚುಕ್ಕೆ ಇರುತ್ತದೆ. ಅದು ನನ್ನ ಗಾಳಕ್ಕೆ ಬಿದ್ದಿಲ್ಲ.

ನನಗೆ ಜಾಸ್ತಿ ಇಷ್ಟ ಬ್ರೌನ್. ಅಷ್ಟು ಹುಷಾರಾದ ಮೀನು ನಾನು ನೋಡಿಲ್ಲ. ದೊಡ್ಡವು ಹಗಲು ಹೊತ್ತು ದಡದ ಬೇರಿನ ಕೆಳಗೆ, ಬಂಡೆಯ ನೆರಳಲ್ಲಿ ಅಡಗಿರುತ್ತವೆ. ಬೆಳಕು ಇಳಿದ ಮೇಲೆ ಮೇಯಲು ಬರುತ್ತವೆ. ಟ್ರೌಟ್ ನೀರು ಬರುವ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಅದಕ್ಕೇ ನಾನು ಕೆಳಗಿನಿಂದ ಮೇಲಕ್ಕೆ ನಡೆಯುತ್ತೇನೆ, ಬೆನ್ನು ಬಗ್ಗಿಸಿ, ನೆರಳು ನೀರಿಗೆ ಬೀಳದಂತೆ. ಕಾಲು ಜಾರಿ ಒಂದು ಕಲ್ಲು ಉರುಳಿದರೆ ಆ ಮಡುವಿನ ಆಸೆ ಬಿಟ್ಟು ಮುಂದೆ ಹೋಗುವುದೇ ಒಳ್ಳೆಯದು. ಗರಿ, ನೂಲು ಸುತ್ತಿ ಹುಳದಂತೆ ಮಾಡಿದ ಫ್ಲೈಯನ್ನು ಮೀನಿನ ಮುಂದೆ, ಹೊಳೆಯ ಮೇಲ್ಭಾಗದ ಕಡೆ ಇಳಿಸಬೇಕು. ಅದು ಹರಿವಿನ ಜೊತೆ ಸುಮ್ನೆ ತೇಲಿ ಬರಬೇಕು. ದಾರ ಸ್ವಲ್ಪ ಎಳೆದು ಫ್ಲೈ ಅಡ್ಡ ಸರಿದರೂ ಬ್ರೌನ್ ಬಾಯಿ ತೆರೆಯುವುದಿಲ್ಲ. ಕಚ್ಚಿತು ಅಂದರೆ ಮೇಲೆ ಹಾರುವುದು ಕಡಿಮೆ. ತಲೆ ಕೆಳಗೆ ಹಾಕಿ ಬೇರಿನ ಕಡೆಗೇ ನುಗ್ಗುತ್ತದೆ. ಕೋಲನ್ನು ಪಕ್ಕಕ್ಕೆ ಬಾಗಿಸಿ ಅದರ ದಾರಿ ತಿರುಗಿಸಬೇಕು.

ರೇನ್‌ಬೋ ಬಿರುಸಿನ ನೀರಿನ ಮೀನು. ಅಲ್ಲಿ ಯೋಚಿಸಲು ಅದಕ್ಕೆ ಹೊತ್ತಿಲ್ಲ, ಫ್ಲೈ ಕಂಡ ಕೂಡಲೇ ಹಿಡಿಯುತ್ತದೆ. ಹಿಡಿದ ಮರುಕ್ಷಣ ನೀರಿನಿಂದ ಮೇಲೆ ಜಿಗಿಯುತ್ತದೆ. ಜಿಗಿದಾಗ ಕೋಲಿನ ತುದಿ ತಗ್ಗಿಸಿ ದಾರ ಸಡಿಲ ಬಿಡಬೇಕು, ಇಲ್ಲದಿದ್ದರೆ ತೆಳುವಾದ ತುದಿದಾರ ತುಂಡಾಗುತ್ತದೆ. ಹೊಸಬರು ಇದರಿಂದಲೇ ಶುರು ಮಾಡಲಿ ಅನ್ನುತ್ತೇನೆ.

ಯಾವ ಫ್ಲೈ ಕಟ್ಟಬೇಕು ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ: ಮೊದಲು ನೀರೊಳಗಿನ ಕಲ್ಲು ಎತ್ತಿ ನೋಡಿ. ಅಡಿಯಲ್ಲಿ ಮರಿಹುಳ ಇರುತ್ತವೆ, ಕೆಲವು ಮರಳಿನ ಕಣ ಅಂಟಿಸಿ ಗೂಡು ಕಟ್ಟಿಕೊಂಡಿರುತ್ತವೆ. ಟ್ರೌಟ್ ತಿನ್ನುವುದರಲ್ಲಿ ಹೆಚ್ಚಿನ ಪಾಲು ಇಂಥವೇ. ಅದೇ ಗಾತ್ರ, ಅದೇ ಬಣ್ಣದ ಫ್ಲೈ ಕಟ್ಟಿ ತಳಕ್ಕೆ ಇಳಿಸಿ.

ನಮ್ಮ ತೋಟದ ತೋಡಿನಲ್ಲೂ ಅಂಥ ಹುಳಗಳಿವೆ. ತಂಗಿಯ ಮಗ ಅದನ್ನು ನೋಡಿದವನೇ, "ಮಾವ, ಹಾಗಾದರೆ ಟ್ರೌಟ್ ಮರಿ ತಂದು ಇಲ್ಲೇ ಬಿಡಬಹುದಲ್ವಾ?" ಅಂದ. ಬೇಡ ಮಗ ಅಂದೆ. ಟ್ರೌಟ್‌ಗೆ ತಣ್ಣನೆಯ ನೀರು ಬೇಕು. 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಸುಖ, 20 ದಾಟಿದರೆ ಉಸಿರಾಟವೇ ಕಷ್ಟ. ನಮ್ಮ ಬೇಸಿಗೆಯ ಹೊಳೆ ಅದಕ್ಕೆ ಒಗ್ಗುವುದಿಲ್ಲ. ದಕ್ಷಿಣದಲ್ಲಿ ಅದು ನೆಲೆಸಿರುವುದು ನೀಲಗಿರಿ, ಮುನ್ನಾರ್‌ನಂಥ ಎತ್ತರದ ಜಾಗಗಳಲ್ಲಿ. ನೀಲಗಿರಿಯ ಅವಲಾಂಚಿಯಲ್ಲಿ ಟ್ರೌಟ್ ಮರಿ ಮಾಡುವ ಕೇಂದ್ರವನ್ನು 1907ರಲ್ಲೇ ಕಟ್ಟಿದ್ದರು.

ಬದುಕುವ ಹಾಗಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಕಾವೇರಿಗೆ ಬೇರೆ ಕಡೆಯ ನೀಲಿ ರೆಕ್ಕೆ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಅವು ಹಬ್ಬಿದವು. ಈ ನದಿಯ ಸ್ವಂತ ಮೀನಾದ ಗೂನುಬೆನ್ನಿನ ಮಹಶೀರ್ ಕಡಿಮೆಯಾಗುತ್ತಾ ಬಂತು. 2018ರಲ್ಲಿ ಅದನ್ನು ತೀರಾ ಅಳಿವಿನಂಚಿನ ಜಾತಿಗಳ ಪಟ್ಟಿಗೆ ಸೇರಿಸಿದರು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು ಕೂಡ ಅದಕ್ಕೆ ಪೆಟ್ಟು ಕೊಟ್ಟಿವೆ. ಆದರೆ ಹೊರಗಿನ ಮೀನು ಬಿಡದೇ ಇರುವುದಾದರೂ ನಮ್ಮ ಕೈಯಲ್ಲಿದೆ.

ಹುಡುಗನಿಗೆ ಟ್ರೌಟ್ ಹಿಡಿಯುವ ಆಸೆ ಹೋಗಿಲ್ಲ, ಹೋಗುವುದೂ ಬೇಡ. ಭತ್ತ ಕೊಯ್ದು ಖಾಲಿಯಾದ ಗದ್ದೆಯಲ್ಲಿ ಫ್ಲೈ ಎಸೆಯಲು ಕಲಿಸುತ್ತಿದ್ದೇನೆ. ಕೊಕ್ಕೆಯ ಬದಲು ದಾರದ ತುದಿಗೆ ಉಣ್ಣೆ ನೂಲಿನ ತುಂಡು ಕಟ್ಟುತ್ತೇವೆ. ಹಿಂದಕ್ಕೆ ಬೀಸಿದ ದಾರ ಪೂರ್ತಿ ನೆಟ್ಟಗಾಗುವವರೆಗೆ ನಿಲ್ಲಬೇಕು, ಆಮೇಲೆ ಮುಂದಕ್ಕೆ. ಅವನು ಇನ್ನೂ ಅವಸರ ಮಾಡುತ್ತಾನೆ. ಈ ಬೇಸಿಗೆಯೊಳಗೆ ಆ ನಿಲುಗಡೆ ಕೈಗೆ ಬಂದರೆ ಮುಂದಿನ ಹೂಮಳೆಯ ನಂತರ ಅವನನ್ನೂ ತೀರ್ಥನ್‌ಗೆ ಕರೆದುಕೊಂಡು ಹೋಗುತ್ತೇನೆ, ಮೊದಲು ರೇನ್‌ಬೋ ಇರುವ ಬಿರುಸು ನೀರಿಗೆ.