ತಂಬೂರಿಯ ದನಿ ಕೆಡದಂಗ: ಶೇರ್ಡ್ ಹೋಸ್ಟಿಂಗ್‌ನಲ್ಲಿ ರಿಯಾಜ್ ವಿಡಿಯೊ

ಧಾರವಾಡದ ಒಂದು ಹಿಂದೂಸ್ತಾನಿ ಸಂಗೀತ ಕ್ಲಾಸಿನ ವೆಬ್‌ಸೈಟಿಗೆ ಗದಗ, ಹಾವೇರಿ ಕಡೆಯ ವಿದ್ಯಾರ್ಥಿಗಳು ರಿಯಾಜ್ (ಅಭ್ಯಾಸ) ಮಾಡಿದ ವಿಡಿಯೊ ಹಾಕುತ್ತಾರೆ, ಗುರುಗಳು ಕೇಳಿ ತಿದ್ದುತ್ತಾರೆ. ಸರ್ವರ್ ಸಿಪ್ಯಾನೆಲ್ (ಸೈಟ್ ನಿರ್ವಹಿಸುವ ಪುಟ) ಇರುವ ಮಾಮೂಲಿ ಶೇರ್ಡ್ ಹೋಸ್ಟಿಂಗ್, ಅಂದರೆ ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವುದು. ಅಲ್ಲಿ ವಿಡಿಯೊ ಕನ್ವರ್ಟ್ (ದೊಡ್ಡ ಫೈಲನ್ನು ಚಿಕ್ಕ ಎಂಪಿ4 ಮಾಡುವುದು) ಆಗುವುದಿಲ್ಲ ಅನ್ನುವವರಿದ್ದಾರೆ. ಆಗುತ್ತದೆ, ಅಪ್‌ಲೋಡ್ ಮುಗಿದ ಕ್ಷಣಕ್ಕೇ ಆಗಬೇಕೆಂದು ಹಟ ಹಿಡಿಯದಿದ್ದರೆ.

ಮೊದಲು ಎರಡು ವಿಷಯ ನೋಡಿಕೊಳ್ಳಿ: ವಿಡಿಯೊ ಕನ್ವರ್ಟ್ ಮಾಡುವ ಎಫ್ಎಫ್ಎಂಪೆಗ್ ಪ್ರೋಗ್ರಾಮ್ ಇದೆಯೇ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಿಂದ ಅದನ್ನು ಓಡಿಸಲು ಬಿಡುತ್ತಾರೆಯೇ. ಎಫ್ಎಫ್ಎಂಪೆಗ್ ಇಲ್ಲದಿದ್ದರೆ ಅದರ ಸ್ಟ್ಯಾಟಿಕ್ ಬಿಲ್ಡ್ (ಬೇಕಾದ್ದೆಲ್ಲ ಒಳಗೇ ಇರುವ ಪ್ರತಿ) ಅನ್ನು ಹೋಮ್ ಫೋಲ್ಡರಿನಲ್ಲಿ ಇಟ್ಟರೆ ಸಾಕು, ಇನ್‌ಸ್ಟಾಲ್ ಬೇಕಿಲ್ಲ. ಹೋಸ್ಟಿಂಗ್‌ನವರ ನಿಯಮದಲ್ಲೇ ಬೇಡ ಅಂದಿದ್ದರೆ ಕಳ್ಳದಾರಿ ಹುಡುಕಬೇಡಿ. ಅಕೌಂಟೇ ಬಂದ್ ಆಗುತ್ತದೆ. ಕ್ಲಾಸಿನ ಕಂಪ್ಯೂಟರಿನಲ್ಲೇ ಕನ್ವರ್ಟ್ ಮಾಡಿ ಏರಿಸುವುದು ವಾಸಿ.

'ಸರ್ರ, ವಿಡಿಯೊ ಹೋಗವಲ್ದು' ಎಂಬ ಫೋನ್ ಬಂದರೆ, ಅಪ್‌ಲೋಡ್ ಪಡೆಯುವ ಸರ್ವರ್ ಭಾಷೆ ಪಿಎಚ್‌ಪಿಯ ಮಿತಿ ನೋಡಿ. ಒಂದು ಫೈಲಿಗೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ, ಇವು ಅದರ ಮೂಲ ಮಿತಿಗಳು. ಎರಡನೆಯದನ್ನು ದಾಟಿದರೆ ಎರರ್ ಕೋಡೂ ಕೈಗೆ ಸಿಗುವುದಿಲ್ಲ, ಫಾರ್ಮ್ ಬರಿದಾಗಿ ಬರುತ್ತದೆ. ಫೋನಿನ 1080ಪಿ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ. ಮಿತಿಯನ್ನು ಎಷ್ಟೇ ಏರಿಸಿದರೂ ಹಳ್ಳಿಯ ನೆಟ್‌ವರ್ಕ್ ನಡುವೆ ಕೈಕೊಡುತ್ತದೆ. ಅದಕ್ಕೇ ಬ್ರೌಸರಿನಲ್ಲೇ 5 ಎಂಬಿಯ ತುಂಡು ಮಾಡಿ ಕಳಿಸುತ್ತೇವೆ; ತಪ್ಪಿದ ತುಂಡಷ್ಟೇ ಮತ್ತೆ ಹೋಗುತ್ತದೆ. ಸೇರಿಸಿದ ಫೈಲನ್ನು ಪಬ್ಲಿಕ್ ಫೋಲ್ಡರಿನ ಹೊರಗಿಟ್ಟು, ಕಳಿಸಿದವರು ಇಟ್ಟ ಫೈಲ್ ಹೆಸರು ತೆಗೆದು ನಂಬರ್ ಕೊಡುತ್ತೇವೆ.

5 ನಿಮಿಷಕ್ಕೊಮ್ಮೆ ಕ್ರಾನ್ ಎದ್ದು ಸಾಲಿನಲ್ಲಿರುವ ಒಂದೇ ಫೈಲ್ ಎತ್ತಿಕೊಳ್ಳುತ್ತದೆ. ಹಿಂದಿನದು ಮುಗಿಯುವ ಮೊದಲೇ ಇನ್ನೊಂದು ಶುರುವಾಗದಂತೆ ಎಫ್‌ಲಾಕ್ (ಬೀಗ ಹಾಕುವ ಕಮಾಂಡ್), ಪಕ್ಕದ ಸೈಟುಗಳಿಗೆ ತೊಂದರೆ ಆಗದಂತೆ ನೈಸ್ 19 (ಎಲ್ಲಕ್ಕಿಂತ ಕಡಿಮೆ ಆದ್ಯತೆ), ಥ್ರೆಡ್ 1. ಪ್ರಿಸೆಟ್ (ಎನ್‌ಕೋಡಿಂಗ್ ವೇಗದ ಸೆಟ್ಟಿಂಗ್) ವೆರಿಫಾಸ್ಟ್ ಇರಲಿ. ಸ್ಲೋ ಹಾಕಿದರೆ ಮೆಮೊರಿ ಮಿತಿ ದಾಟಿ ಲಾಗ್‌ನಲ್ಲಿ 'ಕಿಲ್ಡ್' ಎಂದಷ್ಟೇ ಕಾಣಬಹುದು. ಲೂಪಿನಲ್ಲಿ ಹೆಸರುಗಳನ್ನು ಓದಿಸುತ್ತಾ ಓಡಿಸುವವರು ನೋಸ್ಟ್‌ಡಿನ್ ಆಯ್ಕೆ (ಲೂಪಿನ ಇನ್‌ಪುಟ್ ಓದಬೇಡ ಎನ್ನುವುದು) ಮರೆಯಬೇಡಿ, ಇಲ್ಲದಿದ್ದರೆ ಎಫ್ಎಫ್ಎಂಪೆಗ್ ಮುಂದಿನ ಫೈಲಿನ ಹೆಸರಿನ ಮೊದಲ ಅಕ್ಷರಗಳನ್ನೇ ನುಂಗುತ್ತದೆ.

ಚಿತ್ರಕ್ಕೆ ಎಚ್.264 ಕೋಡೆಕ್ (ಹಿಂಡುವ ವಿಧಾನ), ಸಿಆರ್‌ಎಫ್ (ಗುಣಮಟ್ಟದ ಅಂಕೆ) 26, ಗರಿಷ್ಠ 500 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್), ಬಫರ್ 1000. ಎತ್ತರ 480, ಅಗಲ ಮೈನಸ್ 2. ಆ ಮೈನಸ್ 2 ಅಗಲವನ್ನು ಸಮಸಂಖ್ಯೆಗೆ ತರುತ್ತದೆ, ಬೆಸ ಬಂದರೆ ಎನ್‌ಕೋಡರ್ ನಿಲ್ಲುತ್ತದೆ. ಫೋನ್ ಉದ್ದುದ್ದ ಹಿಡಿದಿದ್ದರೆ ಅಗಲಕ್ಕೆ 480. ಐಫೋನಿನ 10-ಬಿಟ್ ವಿಡಿಯೊ ಬರುತ್ತದಾದ್ದರಿಂದ ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ420ಪಿ (8-ಬಿಟ್) ಎಂದು ಹೇಳಲೇಬೇಕು, ಇಲ್ಲವಾದರೆ ಎಷ್ಟೋ ಬ್ರೌಸರುಗಳಲ್ಲಿ ಚಿತ್ರವೇ ಬರುವುದಿಲ್ಲ.

ಧ್ವನಿಯಲ್ಲಿ ಮಾತ್ರ ಜಿಪುಣತನ ಬೇಡ. ಭಾಷಣಕ್ಕೆ 48 ಕೆಬಿಪಿಎಸ್ ಮೊನೊ ನಡೆದೀತು; ತಂಬೂರಿಯ ಜವಾರಿ (ತಂತಿಯ ಝೇಂಕಾರ) ಅದರಲ್ಲಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ, ಶ್ರುತಿ ತಪ್ಪಿದ್ದು ಗಾಯಕನೋ ಕೋಡೆಕ್ಕೋ ತಿಳಿಯದು. ಫೋನಿನ ಧ್ವನಿ ಎಎಸಿ (ಒಂದು ಧ್ವನಿ ಕೋಡೆಕ್) ಆಗಿದ್ದರೆ ಮುಟ್ಟದೆ ಹಾಗೇ ಕಾಪಿ ಮಾಡಿ. ಬೇರೆಯದಾದರೆ ಎಎಸಿ 160. ಧ್ವನಿ 160 ಎಂದು ಹಿಡಿದರೂ 10 ನಿಮಿಷಕ್ಕೆ 50 ಎಂಬಿಯ ಆಸುಪಾಸು. ಮೂಲ ಫೈಲ್ 1.3 ಜಿಬಿ ಇರುತ್ತಿತ್ತು.

ಫಾಸ್ಟ್‌ಸ್ಟಾರ್ಟ್ ಆಯ್ಕೆ ಹಾಕಿದರೆ ಎಂಪಿ4ನ ಸೂಚಿ ಭಾಗ ಫೈಲಿನ ಮುಂದಕ್ಕೆ ಬರುತ್ತದೆ, ಪ್ಲೇ ಒತ್ತಿದ ಮೇಲೆ ಕಾಯುವುದು ಕಡಿಮೆ. ಹೊಸ ಫೈಲಿನ ಅವಧಿಯನ್ನು ಎಫ್ಎಫ್ಎಂಪೆಗ್ ಜೊತೆಗೇ ಬರುವ ಎಫ್ಎಫ್‌ಪ್ರೋಬ್‌ನಿಂದ ಮೂಲದ ಜೊತೆ ಹೋಲಿಸಿ, 1 ಸೆಕೆಂಡಿನೊಳಗೆ ಹೊಂದಿದರಷ್ಟೇ ಪಬ್ಲಿಕ್ ಫೋಲ್ಡರಿಗೆ ಸರಿಸುತ್ತೇವೆ. ಮೂಲ 7 ದಿನ ಇದ್ದು ಅಳಿಯುತ್ತದೆ.

ವಿಡಿಯೊವನ್ನು ಪಿಎಚ್‌ಪಿಯಿಂದ ಓದಿ ಕೊಡಬೇಡಿ. ಬ್ರೌಸರಿನ ರೇಂಜ್ ವಿನಂತಿಗೆ (ಫೈಲಿನ ಇಷ್ಟು ಭಾಗ ಮಾತ್ರ ಕೊಡು ಎನ್ನುವುದು) 206, ಅಂದರೆ 'ಭಾಗ ಮಾತ್ರ' ಎಂಬ ಉತ್ತರ ಹೋಗದಿದ್ದರೆ ಗುರುಗಳು ಒಂದು ತಾನಿಗೆ (ವೇಗದ ಸ್ವರಗುಚ್ಛಕ್ಕೆ) ಹಿಂದೆ ಸರಿಸಿದಾಗ ವಿಡಿಯೊ ಮೊದಲಿಗೇ ಹಾರುತ್ತದೆ. ವೆಬ್ ಸರ್ವರ್ ಅಪಾಚೆಯೇ ನೇರ ಕೊಡಲಿ.

ಇನ್ನು ವಾಟ್ಸ್‌ಆ್ಯಪ್‌ನಿಂದ ಬಂದ ವಿಡಿಯೊ. ಅದು ಮೊದಲೇ ಹಿಂಡಿ ಬಂದಿರುತ್ತದೆ, ಹೋದ ಜವಾರಿಯನ್ನು ಯಾವ ಸೆಟ್ಟಿಂಗೂ ತಂದುಕೊಡದು. ಡಾಕ್ಯುಮೆಂಟ್ ಆಗಿ ಕಳಿಸಿದ್ದಾದರೆ ಅಡ್ಡಿಯಿಲ್ಲ.