ಬ್ಯಾಡಗಿಯ ಪಟ್ಟಿ, ಎರಡು ಬೇಸಿಕ್

ಬ್ಯಾಡಗಿಯಲ್ಲಿ ನಮ್ಮ ಕಾಕಾನವರದು ಮೆಣಸಿನಕಾಯಿ ದಲಾಲಿ ಅಂಗಡಿ. ರೈತರಿಗೆ ಕೊಡುವ ಪಟ್ಟಿಯ, ಅಂದರೆ ಮಾರಾಟದ ಲೆಕ್ಕದ ಚೀಟಿಯ, ಕೆಲಸಕ್ಕೆ ನಾನೊಂದು ಪ್ರೋಗ್ರಾಂ ಬರೆದಿದ್ದೆ, ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಬರೆದದ್ದು ಧಾರವಾಡದ ಶಾಲೆಯೊಂದರ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿನಲ್ಲಿ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲೆಂದು 1984ರಲ್ಲಿ ಶುರುವಾದ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದ ಯಂತ್ರ ಅದು. ಮುಂದೆ ಕಾಕಾ ಅಂಗಡಿಗೆ ಪಿಸಿ ತಂದರು. ಅದರಲ್ಲಿದ್ದದ್ದು ಬೇಸಿಕ್ಕಿನ ಇನ್ನೊಂದು ಬಗೆ, ಜಿಡಬ್ಲ್ಯು-ಬೇಸಿಕ್.

ಎರಡೂ ಬೇಸಿಕ್ಕೇ ಅಲ್ವಾ, ಏನು ಮಹಾ ಅಂದುಕೊಂಡೆ. ಆದರೆ ನನ್ನ ಪ್ರೋಗ್ರಾಂ ಇದ್ದದ್ದು ಕ್ಯಾಸೆಟ್ಟಿನಲ್ಲಿ. ಪಿಸಿಯಲ್ಲಿ ಅದನ್ನು ಹಾಕಲು ಜಾಗವೇ ಇಲ್ಲ. ಇದ್ದಿದ್ದರೂ ಅಷ್ಟೇ. ಪ್ರೋಗ್ರಾಮಿನ ಆಜ್ಞೆಗಳನ್ನು ಎರಡೂ ಸಂಕೇತ ಸಂಖ್ಯೆಗಳಾಗಿ ಉಳಿಸುತ್ತವೆ, ಆದರೆ ಸಂಖ್ಯೆಗಳು ಬೇರೆ ಬೇರೆ: 'ಪ್ರಿಂಟ್' ಎಂಬ ಪದವನ್ನು ಬಿಬಿಸಿ 241 ಎಂಬ ಒಂದೇ ಬೈಟಾಗಿ ಇಡುತ್ತದೆ, ಜಿಡಬ್ಲ್ಯು 145 ಅಂತ. ಅಕ್ಷರ ಅಕ್ಷರವಾಗಿ ಸಾಗಿಸುವುದೊಂದೇ ದಾರಿ.

ರಜೆಯಲ್ಲಿ ಕೇಳಿಕೊಂಡು ಬಿಬಿಸಿಯನ್ನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಹುಬ್ಬಳ್ಳಿಯ ರೇಡಿಯೋ ರಿಪೇರಿಯವರ ಹತ್ತಿರ ಎರಡು ಯಂತ್ರಗಳನ್ನು ಜೋಡಿಸುವ ಸೀರಿಯಲ್ ಕೇಬಲ್ ಬೆಸುಗೆ ಹಾಕಿಸಿದ್ದೆ. ಬಿಬಿಸಿ ಕಡೆಯ ಪ್ಲಗ್ ತಲೆಕೆಳಗಾಗಿಯೂ ಕೂರುತ್ತದೆ. ಅರ್ಧ ದಿನ ಅದಕ್ಕೇ ಹೋಯಿತು. ಆಮೇಲೆ ಬಿಬಿಸಿಗೆ ಸ್ಟಾರ್ ಎಫ್‌ಎಕ್ಸ್ 5,2 ಎಂಬ ಆಜ್ಞೆ ಕೊಟ್ಟೆ, ಪ್ರಿಂಟರಿಗೆ ಹೋಗುವುದನ್ನು ಸೀರಿಯಲ್ ಕೇಬಲ್ಲಿಗೆ ಕಳಿಸು ಅಂತ. ಸೆಕೆಂಡಿಗೆ 1200 ಬಿಟ್, ಅಂದರೆ 1200 ಬಾಡ್ ವೇಗಕ್ಕೆ ಸ್ಟಾರ್ ಎಫ್‌ಎಕ್ಸ್ 8,4. ಪ್ರಿಂಟರ್ ಚಾಲೂ ಮಾಡಲು ವಿಡಿಯು 2, ಪ್ರೋಗ್ರಾಮಿನ ಸಾಲುಗಳನ್ನು ತೋರಿಸಲು ಲಿಸ್ಟ್. ಪ್ರಿಂಟರಿಗೆ ಕಳಿಸುತ್ತಿದ್ದೇನೆ ಅಂತ ಬಿಬಿಸಿಯ ಭ್ರಮೆ! ಪಿಸಿಯಲ್ಲಿ ಕಾಮ್ 1 ಎಂಬ ಸೀರಿಯಲ್ ಕಿಂಡಿಗೆ ಬಂದ ಸಾಲುಗಳನ್ನು ಫೈಲಿಗೆ ಬರೆಯುವ ಪುಟ್ಟ ಪ್ರೋಗ್ರಾಂ ಓಡುತ್ತಿತ್ತು. ಆ ಫೈಲನ್ನು ಜಿಡಬ್ಲ್ಯುಗೆ ಲೋಡ್ ಮಾಡಿದರೆ 'ಡೈರೆಕ್ಟ್ ಸ್ಟೇಟ್‌ಮೆಂಟ್ ಇನ್ ಫೈಲ್', ಅಂದರೆ ಸಾಲಿನ ಸಂಖ್ಯೆಯಿಲ್ಲದ ಆಜ್ಞೆ ಫೈಲಿನಲ್ಲಿದೆ ಎಂಬ ದೂರು. ನಾನು ಟೈಪ್ ಮಾಡಿದ 'ಲಿಸ್ಟ್' ಪದವೂ ಜೊತೆಗೆ ಬಂದುಬಿಟ್ಟಿತ್ತು. ಅಳಿಸಿದೆ.

ಬಿಬಿಸಿಯಲ್ಲಿ ಹೆಸರಿಟ್ಟು ಕರೆಯುವ ತುಣುಕುಗಳನ್ನು, ಅಂದರೆ ಪ್ರೊಸೀಜರ್‌ಗಳನ್ನು, ಜಿಡಬ್ಲ್ಯುಗಾಗಿ ಸಾಲಿನ ಸಂಖ್ಯೆಯಿಂದ ಕರೆಯುವ ಗೋಸಬ್ ಮಾಡಿದ್ದು ಸುಮ್ನೆ ಬೇಸರದ ಕೆಲಸ, ಕಷ್ಟದ್ದಲ್ಲ. ಸಿಕ್ಕಿಬಿದ್ದದ್ದು ರೊಕ್ಕದಲ್ಲಿ. ದಶಾಂಶ ಬೇಡವೆಂದು ಎಲ್ಲವನ್ನೂ ಪೈಸೆಯಲ್ಲಿ, ಪೂರ್ಣಾಂಕವಾಗಿ ಇಟ್ಟಿದ್ದೆ. ಬಿಬಿಸಿಯ ಪೂರ್ಣಾಂಕ 32 ಬಿಟ್, ಎರಡು ಕೋಟಿ ರೂಪಾಯಿಗೂ ಸಾಕು. ಜಿಡಬ್ಲ್ಯುದು 16 ಬಿಟ್. 32767 ಪೈಸೆ, ಅಂದರೆ 327 ರೂಪಾಯಿ ದಾಟಿದರೆ 'ಓವರ್‌ಫ್ಲೋ'. ಮೊತ್ತಗಳಿಗೆ ಇಟ್ಟ ಎಲ್ಲ ಹೆಸರಿನ ಕೊನೆಯಲ್ಲೂ ಪೂರ್ಣಾಂಕ ಎನ್ನುವ ಶೇಕಡಾ ಚಿಹ್ನೆ ತೆಗೆದು, ದೊಡ್ಡ ಸಂಖ್ಯೆ ಹಿಡಿಸುವ ಹ್ಯಾಶ್ ಹಾಕಿದೆ.

ಇದಾದರೂ ಕೂಗಿ ಹೇಳಿತು. ಇನ್ನೊಂದು ತಪ್ಪು ಬಾಯಿಯೇ ಬಿಡಲಿಲ್ಲ. ಹಮಾಲರ ಕೂಲಿಗೆ ಪ್ರೋಗ್ರಾಮಿನಲ್ಲಿ ಎರಡು ಹೆಸರಿದ್ದವು: ಬಿಬಿಸಿಯಲ್ಲಿ ಇಂಗ್ಲಿಷ್ ಸಣ್ಣಕ್ಷರದ 'ಹಮಾಲಿ' ಒಂದು ಚೀಲದ ದರ, ದೊಡ್ಡಕ್ಷರದ 'ಹಮಾಲಿ' ಒಟ್ಟು ಮೊತ್ತ. ಜಿಡಬ್ಲ್ಯುಗೆ ಎರಡೂ ಒಂದೇ, ಹಾಗಾಗಿ ಮೊದಲ ರೈತನ ಒಟ್ಟು ಮೊತ್ತವೇ ಮುಂದಿನವನಿಗೆ ದರವಾಯಿತು. ಮೊದಲ ರೈತನ 12 ಚೀಲಕ್ಕೆ 24 ರೂಪಾಯಿ, ಸರಿಯೇ. ಎರಡನೆಯವನ 10 ಚೀಲಕ್ಕೆ 240! ನಾನು ಪರೀಕ್ಷೆ ಮಾಡಿದ್ದು ಒಂದೇ ಪಟ್ಟಿ. "ತಮ್ಮಾ, ಹಮಾಲರು ಇಷ್ಟು ತಗೊಂಡರ ರೈತಗ ಏನು ಉಳೀತೈತೋ?" ಅಂದರು ಕಾಕಾ.

ಒಟ್ಟಿನ ಹೆಸರು ಬದಲಿಸಿದೆ. ಆಮೇಲೂ ಆ ಸೀಸನ್ ಮುಗಿಯುವ ತನಕ ಕಾಕಾ ಪ್ರತಿ ಪಟ್ಟಿಯನ್ನೂ ಪೆನ್ಸಿಲ್ಲಿನಿಂದ ಕೂಡಿ ನೋಡಿಯೇ ಕೊಟ್ಟರು.