ಕಕ್ಕಡದ ಮಳೆಯಲ್ಲಿ ಜಡೆ ಉಳಿಸಿಕೊಂಡ ನನ್ನ ಅನುಭವ

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ವರ್ಷದ ಕೊನೆಗೆ ಬರುತ್ತದೆ. ಕಳೆದ ಹುತ್ತರಿಯ ಮರುದಿನ ಹೊಲಿಗೆಯ ಟೇಪನ್ನು ಕತ್ತಿನ ಬುಡದಿಂದ ಇಳಿಬಿಟ್ಟು ಅಳೆದಾಗ ನನ್ನ ಕೂದಲು 31 ಇಂಚು ಇತ್ತು. ಮೂರೂವರೆ ವರ್ಷಗಳ ಹಿಂದೆ, ಮಳೆ ಹಿಡಿಯುವ ಹೊತ್ತಿಗೆ, ಅದೇ ಟೇಪಿನಲ್ಲಿ ಅದು 14 ಇಂಚು ಇತ್ತು. ತುದಿಯೆಲ್ಲ ಕವಲೊಡೆದು, ಜಡೆ ಇಲಿಬಾಲದಂತೆ ಸಣ್ಣಗಾಗಿತ್ತು. ಮಾದಾಪುರದ ಕಡೆಯ ಮಳೆಯಲ್ಲಿ ಉದ್ದ ಕೂದಲು ನಿಲ್ಲುವುದಿಲ್ಲ, ಭುಜದವರೆಗೆ ಕತ್ತರಿಸಿಬಿಡಿ ಎಂದು ಪಾರ್ಲರಿನಲ್ಲಿ ಹೇಳಿದ್ದರು, ನಮ್ಮ ಸ್ವಸಹಾಯ ಸಂಘದ ಗೆಳತಿಯರೂ ಅದನ್ನೇ ಹೇಳಿದ್ದರು. ಆ ಗೆಳತಿಯರಲ್ಲಿ ನಾಲ್ವರು ಈಗ ನನ್ನ ಕ್ರಮವನ್ನೇ ಹಿಡಿದಿದ್ದಾರೆ. ಎಣ್ಣೆ ಕಾಯಿಸುವುದು, ಸೀಗೆ ಕುಟ್ಟಿಸುವುದು ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಅವನ್ನು ಮತ್ತೆ ವಿವರಿಸುವುದಿಲ್ಲ.

ಮೊದಲು ಕಳೆದುಕೊಂಡ ಹಣದ ವಿಚಾರ. ಎರಡನೆಯ ಮಗು ಹುಟ್ಟಿದ ನಾಲ್ಕನೆಯ ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರತೊಡಗಿದಾಗ ಹೆದರಿ, ಮುಂದಿನ ಎರಡು ವರ್ಷಗಳಲ್ಲಿ ಎಣ್ಣೆ, ಸೀರಮ್, ಪಾರ್ಲರಿನ ಆರು ಹೇರ್ ಸ್ಪಾ ಎಂದು ಹದಿನೆಂಟು ಇಪ್ಪತ್ತು ಸಾವಿರ ರೂಪಾಯಿ ಕಳೆದೆ. ಒಂದೊಂದು ಸ್ಪಾಕ್ಕೆ 1,200 ಆಗುತ್ತಿತ್ತು. ಮೂರು ದಿನ ಕೂದಲು ನುಣುಪಾಗಿರುತ್ತಿತ್ತು, ನಾಲ್ಕನೆಯ ದಿನದ ಜಡಿಮಳೆಗೆ ಮತ್ತೆ ಮೊದಲಿನಂತೆಯೇ ಆಗುತ್ತಿತ್ತು. ಆಮೇಲೆ ಮನೆಯಲ್ಲೇ ದಾಸವಾಳದ ಎಲೆ, ಗರುಗದ ಸೊಪ್ಪು, ಕರಿಬೇವು ಹಾಕಿ ಒಂದೂವರೆ ಲೀಟರ್ ಗಾಣದ ಎಣ್ಣೆ ಕಾಯಿಸಿದೆ. ಸೊಪ್ಪನ್ನು ತೊಳೆದು ನೀರು ಆರುವ ಮೊದಲೇ ಹಾಕಿ, ಗುಳ್ಳೆ ನಿಲ್ಲುವ ಮೊದಲೇ ಇಳಿಸಿದ್ದರಿಂದ ಇಪ್ಪತ್ತು ದಿನಗಳಲ್ಲಿ ಎಣ್ಣೆ ಕಮಟು ಹಿಡಿಯಿತು. ಈರುಳ್ಳಿ ರಸವನ್ನು ಎರಡು ತಿಂಗಳು ಹಚ್ಚಿದೆ. ನೆತ್ತಿ ಉರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ತಪ್ಪು ಎಲ್ಲಿದೆ ಎಂಬುದು ತಿಳಿದದ್ದು ಕಕ್ಕಡದ, ಅಂದರೆ ಜುಲೈ ಆಗಸ್ಟ್ ನಡುವಿನ ಜೋರು ಮಳೆಯ ತಿಂಗಳ, ಒಂದು ಬೆಳಿಗ್ಗೆ. ಹಿಂದಿನ ದಿನ ಸಂಜೆ ತಲೆಗೆ ನೀರು ಹಾಕಿಕೊಂಡು, ಮೇಲೆ ಮುಟ್ಟಿದರೆ ಒಣಗಿದೆ ಎಂದುಕೊಂಡು ಬಿಗಿಯಾಗಿ ಜಡೆ ಹೆಣೆದು ಮಲಗಿದ್ದೆ. ಬೆಳಿಗ್ಗೆ ಬಿಚ್ಚಿದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಬಿಳಿ ಪಂಚೆಯ ತುಂಡೊಂದನ್ನು ಜಡೆಯ ನಡುವಿಟ್ಟು ಹಿಂಡಿದೆ; ಹದಿನಾಲ್ಕು ಗಂಟೆ ಕಳೆದ ಮೇಲೂ ಬಟ್ಟೆಯಲ್ಲಿ ಒದ್ದೆಯ ಗುರುತು ಮೂಡಿತು. ಅದರ ಮೇಲೆ ಏಳೆಂಟು ಕೂದಲಿನ ಚೂರುಗಳೂ ಬಿದ್ದಿದ್ದವು, ಒಂದರಲ್ಲೂ ಬುಡದ ಬಿಳಿ ಗಂಟು ಇರಲಿಲ್ಲ. ಅಂದರೆ ಅವು ಬೇರಿನಿಂದ ಉದುರಿದವಲ್ಲ, ನಡುವೆ ತುಂಡಾದವು. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ತಾನಾಗಿಯೇ ಬೆಳೆಯುತ್ತದೆ. ನನ್ನದೂ ಬೆಳೆಯುತ್ತಲೇ ಇತ್ತು, ಆದರೆ ಬೆಳೆದಷ್ಟನ್ನೂ ನಾನೇ ಒದ್ದೆಯಲ್ಲಿ ಬಾಚಿ, ಬಿಗಿದು, ಮುರಿಯುತ್ತಿದ್ದೆ. ಆ ದಿನದಿಂದ ಬೆಳೆಸುವ ಎಣ್ಣೆಯ ಹುಡುಕಾಟವನ್ನು ಬಿಟ್ಟು, ಇರುವುದನ್ನು ಉಳಿಸಿಕೊಳ್ಳುವುದಕ್ಕೆ ಗಮನ ಕೊಟ್ಟೆ.

ಈಗ ವಾರಕ್ಕೆ ಎರಡು ಸಲ, ಬೆಳಿಗ್ಗೆ ಹತ್ತರೊಳಗೆ ತಲೆಗೆ ನೀರು ಹಾಕಿಕೊಳ್ಳುತ್ತೇನೆ. ಸಂಜೆ ಯಾವ ಕಾರಣಕ್ಕೂ ಇಲ್ಲ. ಹಂಡೆಯ ಕುದಿಯುವ ನೀರಿಗೆ ಅರ್ಧಕ್ಕಿಂತ ಹೆಚ್ಚು ತಣ್ಣೀರು ಬೆರೆಸುತ್ತೇನೆ. ಹಳೆಯ ಹತ್ತಿ ಪಂಚೆಯ ಎರಡು ತುಂಡುಗಳಿವೆ: ಮೊದಲನೆಯದರಲ್ಲಿ ಕೂದಲನ್ನು ಹಿಂಡದೆ, ಉಜ್ಜದೆ, ಒತ್ತಿ ಒತ್ತಿ ನೀರು ತೆಗೆದು, ಅದು ನೆನೆದ ಕೂಡಲೇ ಎರಡನೆಯದಕ್ಕೆ ಬದಲಿಸುತ್ತೇನೆ. ಆಮೇಲೆ ಅಡುಗೆಮನೆಯ ಒಲೆಗೆ ಬೆನ್ನು ಹಾಕಿ ನಾಲ್ಕು ಅಡಿ ದೂರದಲ್ಲಿ ಮುಕ್ಕಾಲು ಗಂಟೆ ಕುಳಿತು, ಬೆರಳಿನಿಂದ ಬುಡವನ್ನು ಬಿಡಿಸುತ್ತಾ ಒಣಗಿಸುತ್ತೇನೆ. ಕರೆಂಟ್ ಇದ್ದರೆ ಟೇಬಲ್ ಫ್ಯಾನ್. ಮೊದಮೊದಲು ಬೇಗ ಆಗಲಿ ಎಂದು ಬಚ್ಚಲೊಲೆಯ ಬಾಯಿಗೇ ಕೂದಲು ಹಿಡಿದು ತುದಿಯನ್ನು ಸೀಯಿಸಿಕೊಂಡು ಎರಡು ಇಂಚು ಕತ್ತರಿಸಬೇಕಾಯಿತು, ಆದ್ದರಿಂದ ಆ ನಾಲ್ಕು ಅಡಿಯ ವಿಷಯದಲ್ಲಿ ಅವಸರ ಮಾಡಬೇಡಿ. ಬುಡ ಪೂರ್ತಿ ಒಣಗಿದ ಮೇಲೆಯೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಮೇಲೆ ಮೇಲೆ ಹೋಗಿ, ಸಡಿಲವಾದ ಒಂದೇ ಜಡೆ ಹೆಣೆಯುತ್ತೇನೆ.

ಮಳೆಗಾಲದಲ್ಲಿ ವಾರಕ್ಕೆರಡು ಸಲ ಎಂದಾಗ ಅತ್ತೆಯವರು ಒಪ್ಪಲಿಲ್ಲ. ತಲೆಗೆ ನೀರು ಹೆಚ್ಚಾದರೆ ಶೀತವಾಗಿ ಕೂದಲು ಇನ್ನಷ್ಟು ಉದುರುತ್ತದೆ ಎಂಬುದು ಅವರ ಅನುಭವ. ಆದರೆ ಹತ್ತು ದಿನಕ್ಕೊಮ್ಮೆ ತೊಳೆದು ನಡುವೆ ಎಣ್ಣೆ ತುಂಬುತ್ತಿದ್ದ ಕಾಲದಲ್ಲೇ ನನಗೆ ತಲೆಹೊಟ್ಟು ಅತಿಯಾಗಿತ್ತು. ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ನೆತ್ತಿಯ ಜಿಡ್ಡೇ ಆಹಾರ ಎಂದು ಚರ್ಮದ ವೈದ್ಯರು ಹೇಳಿ, ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ ಐದು ನಿಮಿಷ ಬಿಟ್ಟು ತೊಳೆಯುವಂತೆ ಒಂದು ತಿಂಗಳಿಗೆ ಬರೆದುಕೊಟ್ಟರು. ಹೊಟ್ಟು ಹೋಯಿತು. ಈಗ ಕೊಬ್ಬರಿ ಎಣ್ಣೆಯನ್ನು ತೊಳೆಯುವ ಎರಡು ಗಂಟೆ ಮೊದಲು, ನೆತ್ತಿಗೆ ಸ್ವಲ್ಪವೇ, ಉದ್ದಕ್ಕೆ ಧಾರಾಳವಾಗಿ ಹಚ್ಚುತ್ತೇನೆ. ಡಿಸೆಂಬರ್ ಜನವರಿಯಲ್ಲಿ ಗಟ್ಟಿಯಾದ ಎಣ್ಣೆಯನ್ನು ಬಟ್ಟಲು ಸಮೇತ ಬಿಸಿನೀರಿನಲ್ಲಿ ಇಟ್ಟರೆ ಸಾಕು.

ಅದೇ ವೈದ್ಯರು ರಕ್ತಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಅಂಶ ತೀರಾ ಕಡಿಮೆ ಇರುವುದು ಗೊತ್ತಾಯಿತು. ಮೂರು ತಿಂಗಳಿಗೆ ಮಾತ್ರೆ ಕೊಟ್ಟರು. ಮೊದಲ ತಿಂಗಳು ನಾನು ಅದನ್ನು ಬೆಳಗಿನ ಕಾಫಿಯ ಜೊತೆಯೇ ನುಂಗಿದೆ. ಕಾಫಿ, ಟೀಗಳು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ ಎಂದು ಔಷಧಿ ಅಂಗಡಿಯಲ್ಲಿ ಹೇಳಿದಾಗಲೇ ತಿಳಿದದ್ದು. ಕಾಫಿ ತೋಟದ ಮನೆಗಳಲ್ಲಿ ದಿನಕ್ಕೆ ನಾಲ್ಕೈದು ಲೋಟ ಕಾಫಿ ಸಾಮಾನ್ಯವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆಮೇಲೆ ನಿಂಬೆ ಪಾನಕದ ಜೊತೆ ಮಾತ್ರೆ ನುಂಗಿ, ಕಾಫಿಯನ್ನು ಎರಡು ಗಂಟೆ ಮುಂದಕ್ಕೆ ಹಾಕಿದೆ. ಉದುರುವುದು ನಿಜವಾಗಿ ಕಡಿಮೆಯಾದದ್ದು ಅಲ್ಲಿಂದ ನಾಲ್ಕನೆಯ ತಿಂಗಳಿಗೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಯಾರಿಗಾದರೂ ಉದುರುತ್ತದೆ; ಅದಕ್ಕೆ ಈಗ ಹೆದರುವುದಿಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹಂದಿ ಸಾರಿಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯನ್ನು ನೀರಿಗೆ ಬೆರೆಸಿ ಕೊನೆಯಲ್ಲಿ ಕೂದಲಿಗೆ ಹಾಕಿದರೆ ಹೊಳಪು ಬರುತ್ತದೆಯೇ ಎಂದು ನೋಡಿದೆ. ಒಂದು ಚಮಚ ಹೆಚ್ಚಾಗಿ ನೆತ್ತಿ ಚುರುಗುಟ್ಟಿತು, ಕೂದಲು ಅಂಟಂಟಾಯಿತು; ಅಷ್ಟು ದುಬಾರಿಯ ವಸ್ತುವನ್ನು ಅಡುಗೆಗೇ ಇಟ್ಟುಕೊಳ್ಳುವುದು ಒಳ್ಳೆಯದು. ಕಾಫಿ ಚರಟದ ನೀರು ಪಂಚೆಗೆ ಕಲೆ ಮಾಡಿತು, ಕೂದಲಿಗೆ ಯಾವ ಬದಲಾವಣೆಯನ್ನೂ ತರಲಿಲ್ಲ. ದಾಸವಾಳದ ಎಲೆಯ ಲೋಳೆ ಮಾತ್ರ ಸಿಕ್ಕು ಬಿಡಿಸಲು ಇವತ್ತಿಗೂ ನನ್ನ ಜೊತೆಗಿದೆ. ಕಾಫಿ ಕುಯ್ಲಿನ ಸಮಯದಲ್ಲಿ ರೆಂಬೆಗಳಿಗೆ ಸಿಕ್ಕಿ ಕೂದಲು ಕೀಳುವುದನ್ನು ತಪ್ಪಿಸಲು ಜಡೆಯನ್ನು ತುರುಬು ಕಟ್ಟಿ ನುಣುಪಾದ ವಸ್ತ್ರ ಸುತ್ತಿಕೊಳ್ಳುತ್ತೇನೆ. ನಾಲ್ಕು ತಿಂಗಳಿಗೊಮ್ಮೆ ಕಾಲು ಇಂಚಿನಿಂದ ಅರ್ಧ ಇಂಚು ತುದಿಯನ್ನು ಕತ್ತರಿಸುತ್ತೇನೆ.

ಈಗ ತಿಂಗಳ ಖರ್ಚು ಎಣ್ಣೆ, ಸೀಗೆ ಸೇರಿ 200 ರೂಪಾಯಿಯ ಒಳಗೇ ಇದೆ. ನನ್ನ ಸೀಗೆಪುಡಿಗೆ ಅಂಟುವಾಳ, ಮೆಂತ್ಯದ ಜೊತೆ ಇನ್ನೆರಡು ಸೊಪ್ಪು ಬೀಳುತ್ತವೆ. ಅವುಗಳ ಹೆಸರು ಮತ್ತು ಅಳತೆಯನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಮುಂದಿನ ವರ್ಷ ಸಂಘದಿಂದ ಅದನ್ನು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಮಾರುವ ಯೋಚನೆಯಿದೆ. ಪುಡಿಯನ್ನು ಏಪ್ರಿಲ್ ಬಿಸಿಲಿನಲ್ಲೇ ಒಣಗಿಸಿ ಮಾಡಿಸಿ. ಹೋದ ವರ್ಷ ಜೂನ್ ಮೊದಲ ವಾರದವರೆಗೆ ತಡಮಾಡಿ, ಎರಡು ಕಿಲೋ ಪುಡಿ ಡಬ್ಬಿಯಲ್ಲೇ ಗಂಟುಕಟ್ಟಿ ಬೂಸ್ಟು ಹಿಡಿಯಿತು. ಈ ಸಲದ್ದು ಸ್ಟೀಲ್ ಡಬ್ಬಿಯಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ, ಕಾಳುಮೆಣಸಿನ ಪಕ್ಕದಲ್ಲಿದೆ.